ಹೊಟ್ಟೆ ಬಿಸಿ, ಚರ್ಮ ತಣ್ಣಗೆ: 2.4 ಮೀಟರ್ ದಪ್ಪದ ಗೋಡೆಯೊಂದರ ಪ್ರಕರಣ

ಕರಾವಳಿಯ ಒಂದು ಊರು, ಅಲ್ಲೊಂದು ಆಸ್ಪತ್ರೆ. ಊರಿನ ಹೆಸರು, ಆಸ್ಪತ್ರೆಯ ಹೆಸರು, ಕಂಟ್ರಾಕ್ಟರು ಯಾರು, ಯಾವ ವರ್ಷ, ಇವನ್ನೆಲ್ಲ ಬಿಟ್ಟಿದ್ದೇನೆ. ಅಳತೆಗಳನ್ನೂ ಗುರುತು ಸಿಗದಷ್ಟು ದುಂಡಗೆ ಮಾಡಿದ್ದೇನೆ. ನಾನು ಅಲ್ಲಿ ಕನ್ಸಲ್ಟೆಂಟ್ ಕಡೆಯ ಸೈಟ್ ಇಂಜಿನಿಯರ್. ಮುಂದೆ ಹೇಳುವ ತಪ್ಪುಗಳಲ್ಲಿ ನನ್ನ ಪಾಲೂ ಇದೆ, ಅದನ್ನು ಬಚ್ಚಿಡುವುದಿಲ್ಲ.

ಕಟ್ಟಬೇಕಿದ್ದದ್ದು ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವ ಯಂತ್ರದ ಕೋಣೆ. ಇದಕ್ಕೆ ಬಂಕರ್ ಅಂತಲೇ ಹೆಸರು. ಯಂತ್ರದ ಕಿರಣ ನೇರವಾಗಿ ಬೀಳುವ ಎರಡು ಗೋಡೆಗಳ ನಡುಭಾಗ 2.4 ಮೀಟರ್ ದಪ್ಪ, ಆಚೀಚೆಯ ರೆಕ್ಕೆಗಳು 1.2 ಮೀಟರ್, ಎತ್ತರ 4 ಮೀಟರ್. ಪೂರ್ವದ ಗೋಡೆ, ಪಶ್ಚಿಮದ ಗೋಡೆ ಕನ್ನಡಿಯಲ್ಲಿ ಕಂಡಷ್ಟು ಒಂದೇ ತರಹ. ಒಂದೊಂದಕ್ಕೂ ಸುಮಾರು 118 ಘನ ಮೀಟರ್ ಕಾಂಕ್ರೀಟು. ಗೋಡೆಯ ನಡುವೆ ಅಡ್ಡ ಜಾಯಿಂಟ್ ಬೇಡ, ಒಂದೇ ಸಲಕ್ಕೆ ಹಾಕಬೇಕು ಅನ್ನುವುದು ಆಸ್ಪತ್ರೆಯಲ್ಲಿ ವಿಕಿರಣದ ಲೆಕ್ಕ ನೋಡುವ ಮೆಡಿಕಲ್ ಫಿಸಿಸಿಸ್ಟ್ ಅವರ ಷರತ್ತು. ಅವರ ಇನ್ನೊಂದು ಷರತ್ತು ಸಾಂದ್ರತೆಯದು: ಒಂದು ಘನ ಸೆಂಟಿಮೀಟರಿಗೆ 2.35 ಗ್ರಾಂಗಿಂತ ಕಡಿಮೆಯಾಗಬಾರದು. ಇಂಥ ಕೋಣೆಯ ನಕ್ಷೆಗೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು, ಯಂತ್ರ ಕೂರಿಸಿದ ಮೇಲೆ ವಿಕಿರಣದ ಅಳತೆಯೂ ಆಗಬೇಕು. ಹಾಗಾಗಿ ಗೋಡೆಯಲ್ಲಿ ಬಿರುಕು ಬಿಟ್ಟರೆ ಸುಣ್ಣ ಬಳಿದು ಮುಚ್ಚಿ ಮುಂದೆ ಹೋಗುವ ಕೆಲಸ ಇದಲ್ಲ.

ಫೆಬ್ರವರಿಯಲ್ಲಿ 1.2 ಮೀಟರ್ ದಪ್ಪದ ರಾಫ್ಟ್, ಅಂದರೆ ಗೋಡೆಗಳು ನಿಲ್ಲುವ ಅಡಿಪಾಯದ ಚಪ್ಪಡಿ, ಹಾಕಿದೆವು. ವಿಶೇಷವಾಗಿ ಏನೂ ಮಾಡಲಿಲ್ಲ, ಮೇಲೆ ನೀರು ಕಟ್ಟಿ ಬಿಟ್ಟೆವು, ಏನೂ ಆಗಲಿಲ್ಲ. ನಮ್ಮನ್ನು ಕೆಡಿಸಿದ್ದು ಈ ರಾಫ್ಟೇ. ಅದರ ಅಡಿ ಮುರಕಲ್ಲಿನ ಬೆಚ್ಚನೆಯ ನೆಲ, ಮೇಲೆ ನೀರಿನ ಹೊದಿಕೆ, ದಪ್ಪ ಗೋಡೆಯ ಅರ್ಧ. ಬಚಾವಾಗಿದ್ದು ಅದರಿಂದ. ನಾವು ಮಾತ್ರ ನಮ್ಮ ಕೆಲಸ ಗಟ್ಟಿ ಅಂದುಕೊಂಡೆವು.

ಪೂರ್ವದ ಗೋಡೆ

ಏಪ್ರಿಲ್ ಮೂರನೇ ವಾರ. ಬೆಳಿಗ್ಗೆ 9ಕ್ಕೆ ಶುರು ಮಾಡಿ ಸಂಜೆ 5ಕ್ಕೆ ಮುಗಿಸಿದೆವು. ಎಂ35 ಮಿಶ್ರಣ (28 ದಿನಕ್ಕೆ ಚದರ ಮಿಲಿಮೀಟರಿಗೆ 35 ನ್ಯೂಟನ್ ಬಲ ಬರಬೇಕಾದದ್ದು), 53 ಗ್ರೇಡಿನ ಸಾದಾ ಸಿಮೆಂಟು ಘನ ಮೀಟರಿಗೆ 410 ಕಿಲೋ. ಡಿಸೈನ್ ಮಿಶ್ರಣದಲ್ಲಿ ಇದ್ದದ್ದು 385. "ಆಸ್ಪತ್ರೆ ಕೆಲಸ, ಗಟ್ಟಿ ಬರಲಿ" ಎಂದು ಕಂಟ್ರಾಕ್ಟರು 25 ಕಿಲೋ ಹೆಚ್ಚಿಗೆ ಸೇರಿಸಿದ್ದರು. ನಾನು ಸಹಿ ಹಾಕಿದ್ದೆ. ಕಮ್ಮಿ ಹಾಕಿದರೆ ಜಗಳ ಆಡುವುದು ಗೊತ್ತು. ಹೆಚ್ಚು ಹಾಕಿದರೆ ಬೇಡ ಅನ್ನಬೇಕೆಂದು ನನಗೂ ಹೊಳೆಯಲಿಲ್ಲ.

ಮಿಕ್ಸರ್ ಲಾರಿಯಿಂದ ಇಳಿಯುವಾಗ ಕಾಂಕ್ರೀಟಿನ ಶಾಖ 37 ಡಿಗ್ರಿ. ಇದನ್ನು ಅಳೆದದ್ದು ನಿಯಮ ಇದೆ ಅಂತ. ಬಿಸಿ ಹವೆಯ ಕಾಂಕ್ರೀಟಿಗೆ 40 ಡಿಗ್ರಿ ಮಿತಿ ಅನ್ನುವುದು ನಮ್ಮ ತಲೆಯಲ್ಲಿ ಕೂತಿತ್ತು. 37 ಅಂದರೆ ಪಾಸು. ಆ ಮಿತಿ ಮಾಮೂಲಿ ಕಾಲಮ್ಮು ಸ್ಲ್ಯಾಬುಗಳನ್ನು ನೋಡಿಕೊಂಡು ಇಟ್ಟದ್ದು, 2.4 ಮೀಟರ್ ದಪ್ಪದ ಗೋಡೆಗೆ ಅಷ್ಟೇ ಸಾಲದು ಅಂತ ಆ ದಿನ ಯಾರೂ ಯೋಚಿಸಲಿಲ್ಲ.

ಸಿಮೆಂಟು ನೀರಿನ ಜೊತೆ ಸೇರಿದಾಗ ಬಿಸಿ ಹುಟ್ಟುತ್ತದೆ. ಒಂಬತ್ತಿಂಚಿನ ಕಾಲಮ್ಮಿನಲ್ಲಿ ಹುಟ್ಟಿದ ಬಿಸಿ ಅಂದೇ ಹೊರಗೆ ಹೋಗುತ್ತದೆ. ದಪ್ಪ ಗೋಡೆಯಲ್ಲಿ ಅದಕ್ಕೆ ದಾರಿ ಇಲ್ಲ, ಕಾಂಕ್ರೀಟಿನ ಮೂಲಕ ಬಿಸಿ ಬಹಳ ನಿಧಾನವಾಗಿ ಸಾಗುತ್ತದೆ. 100 ಕಿಲೋ ಸಾದಾ ಸಿಮೆಂಟಿಗೆ 10ರಿಂದ 13 ಡಿಗ್ರಿ ಏರುತ್ತದೆ ಅನ್ನುವುದು ಒರಟು ಲೆಕ್ಕ. 410 ಕಿಲೋಗೆ ಗುಣಿಸಿ, ಮೊದಲಿನ 37 ಸೇರಿಸಿ ನೋಡಿ: ಗೋಡೆಯ ನಡುವೆ 80ರ ಆಸುಪಾಸು. ಈ ಗುಣಾಕಾರಕ್ಕೆ ಎರಡು ನಿಮಿಷ ಸಾಕಿತ್ತು. ನಾವು ಅದನ್ನು ಮಾಡಿದ್ದು ಬಿರುಕು ಬಂದ ಮೇಲೆ.

ಶಟ್ರಿಂಗಿಗೆ, ಅಂದರೆ ಹಸಿ ಕಾಂಕ್ರೀಟನ್ನು ಹಿಡಿದಿಡುವ ಅಚ್ಚಿಗೆ, ಕಬ್ಬಿಣದ ಪ್ಲೇಟು ಬಳಸಿದ್ದೆವು. ಸುಮಾರು 40 ಗಂಟೆಗೆ ಅದನ್ನು ಬಿಚ್ಚಿದರು, ಪಕ್ಕದ ಬ್ಲಾಕಿನ ಗೋಡೆಗೆ ಆ ಪ್ಲೇಟುಗಳು ಬೇಕಿದ್ದವು. ಬಿಚ್ಚಿದ ತಕ್ಷಣ ಇಬ್ಬರು ಹುಡುಗರು ಪೈಪು ಹಿಡಿದು ಗೋಡೆಗೆ ನೀರು ಬಿಡತೊಡಗಿದರು. ಹೊಸ ಕಾಂಕ್ರೀಟು ಒಣಗದಂತೆ ಕಾಪಾಡುವುದಕ್ಕೆ ಕ್ಯೂರಿಂಗ್ ಅಂತ ಹೆಸರು. ಕ್ಯೂರಿಂಗ್ ಅಂದರೆ ನೀರು, ನೀರು ಅಂದರೆ ಒಳ್ಳೆಯದು. ಇಂಜಿನಿಯರಿಂಗ್ ಕಾಲೇಜಿನಿಂದ ಸೈಟಿನವರೆಗೆ ಎಲ್ಲರೂ ಕಲಿತ ಪಾಠ. ಗೋಡೆಯಿಂದ ತೆಳ್ಳಗೆ ಹಬೆ ಏಳುತ್ತಿತ್ತು. ಅದನ್ನು ನೋಡಿ ನಾನು ಇನ್ನೂ ಜೋರಾಗಿ ನೀರು ಬಿಡಿ ಎಂದೆ. ಅದೇ ಸಂಜೆ ಗುಡುಗು ಸಮೇತ ಮಳೆ ಬಂತು, ಆ ವರ್ಷದ ಮೊದಲ ದೊಡ್ಡ ಮಳೆ. ಎಲ್ಲರಿಗೂ ಖುಷಿಯಾಯಿತು.

ಮರುದಿನ ಬೆಳಿಗ್ಗೆ ಗೋಡೆಯ ಒಳಮುಖದಲ್ಲಿ ಕೂದಲೆಳೆಯ ಬಿರುಕುಗಳು ಒಣಗಿದ ಕೆರೆಯಂಗಳದ ಹಾಗೆ ಕಂಡವು. ದೊಡ್ಡದರ ಅಗಲ 0.2 ಮಿಲಿಮೀಟರ್.

ಕಾರಣ ಹುಡುಕುವ ಜಗಳ

ಎರಡು ದಿನ ಸೈಟಿನಲ್ಲಿ ಬರೀ ಮಾತು. ಕಂಟ್ರಾಕ್ಟರ ಪ್ರಕಾರ ಸಿಮೆಂಟ್ ಕಂಪನಿ ಕೆಟ್ಟ ಲೋಡು ಕಳಿಸಿದೆ. ಕಾಂಕ್ರೀಟು ಕಲಸಿ ಕಳಿಸುವ ಪ್ಲಾಂಟಿನವರ ಪ್ರಕಾರ ವೈಬ್ರೇಟರ್ ಸರಿಯಾಗಿ ಹೊಡೆದಿಲ್ಲ. ನಮ್ಮ ಹಿರಿಯ ಇಂಜಿನಿಯರರ ಪ್ರಕಾರ ಕ್ಯೂರಿಂಗ್ ಸಾಲಲಿಲ್ಲ, ಇನ್ನಷ್ಟು ನೀರು ಬಿಡಬೇಕು. ಬಿಟ್ಟೆವು ಕೂಡ.

ಇದನ್ನು ತಿರುಗಿಸಿದವರು ಬಾಗಲಕೋಟೆ ಕಡೆಯ ಶಟ್ರಿಂಗ್ ಮೇಸ್ತ್ರಿ. ಬಂಕರಿನ ಗೋಡೆಯಲ್ಲಿ ಅಳತೆಯ ಕೇಬಲ್ ಹಾಯಿಸಲು ಓರೆಯಾಗಿ ಒಂದು ನಾಲ್ಕಿಂಚಿನ ಪಿವಿಸಿ ಪೈಪು ಕೂರಿಸಿರುತ್ತಾರೆ. ಅದರೊಳಗೆ ತುರುಕಿದ್ದ ಗೋಣಿಚೀಲ ತೆಗೆಯಲು ಅವರು ಭುಜದವರೆಗೆ ಕೈ ಹಾಕಿ, ಥಟ್ಟನೆ ಹೊರಗೆಳೆದುಕೊಂಡು, "ಸಾಹೇಬ್ರ, ಒಳಗ ಒಲಿ ಹಚ್ಚಿದಂಗ ಐತ್ರಿ" ಎಂದರು. ಕಾಂಕ್ರೀಟು ಹಾಕಿ ಆಗಲೇ ನಾಲ್ಕು ದಿನ ಆಗಿತ್ತು. ನಾನು ಕಾಂಕ್ರೀಟಿಗೆ ಚುಚ್ಚುವ ಥರ್ಮಾಮೀಟರನ್ನು ಒಂದು ಸರಳಿನ ತುದಿಗೆ ಕಟ್ಟಿ ಪೈಪಿನ ನಡುವಿಗೆ ತಳ್ಳಿ, ಎರಡೂ ಬಾಯಿಗೆ ಹತ್ತಿ ತುರುಕಿ ಅರ್ಧ ಗಂಟೆ ಬಿಟ್ಟೆ. ಎಳೆದಾಗ 64 ಡಿಗ್ರಿ. ಹೊರಗೆ ಗೋಡೆಯ ಮೇಲೆ ನೀರು ಹರಿಯುತ್ತಿದ್ದ ಕಡೆ 31.

ಆ ಎರಡು ಅಂಕಿಗಳು ಜಗಳ ಮುಗಿಸಿದವು. ಗೋಡೆಯ ಹೊಟ್ಟೆ ಬಿಸಿಯಾಗಿ ಉಬ್ಬಿಕೊಂಡಿದೆ, ಚರ್ಮ ತಣ್ಣಗಾಗಿ ಕುಗ್ಗುತ್ತಿದೆ. ಕಾಂಕ್ರೀಟು ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು ನೂರನೇ ಒಂದು ಮಿಲಿಮೀಟರ್ ಹಿಗ್ಗುತ್ತದೆ. 33 ಡಿಗ್ರಿ ಅಂತರ ಅಂದರೆ ಮೀಟರಿಗೆ 0.3 ಮಿಲಿಮೀಟರ್ ಎಳೆತ. ಎಳೆ ಕಾಂಕ್ರೀಟು ತಡೆಯುವುದು ಅದರ ಅರ್ಧವನ್ನೂ ಅಲ್ಲ. ನಾವು ಪೈಪು ಹಿಡಿದು ಮಾಡುತ್ತಿದ್ದದ್ದು ಕಾದ ಗಾಜಿನ ಲೋಟಕ್ಕೆ ತಣ್ಣೀರು ಸುರಿಯುವ ಕೆಲಸ.

ನೀರು ನಿಲ್ಲಿಸಿ ಎಂದು ನಾನು ಹೇಳಿದಾಗ ಯಾರೂ ನಂಬಲಿಲ್ಲ. ಒಂದು ಸೈಟಿನಲ್ಲಿ ಇಂಜಿನಿಯರ್ ಬಂದು ಕ್ಯೂರಿಂಗ್ ನಿಲ್ಲಿಸಿ ಅಂದರೆ ಅವನಿಗೆ ತಲೆ ಕೆಟ್ಟಿದೆ ಅಂತಲೇ ಅರ್ಥ. ಒದ್ದೆ ಗೋಣಿ ಹೊದೆಸಿ, ಅದರ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಟಾರ್ಪಾಲು ಕಟ್ಟಿಸಿದೆ. ತೇವ ಬೇಕು, ತಂಪು ಬೇಡ. ಈ ಎರಡನ್ನೂ ನಾವು ಒಂದೇ ಅಂದುಕೊಂಡಿದ್ದೆವು.

ತಡವಾಗಿತ್ತು. ನಾಲ್ಕನೇ ವಾರದಲ್ಲಿ ಎರಡನೇ ಜಾತಿಯ ಬಿರುಕು ಬಂತು: ರಾಫ್ಟಿನ ಸ್ವಲ್ಪ ಮೇಲಿನಿಂದ ಹುಟ್ಟಿ ನೆಟ್ಟಗೆ ಮೇಲೇರಿ, ಮುಕ್ಕಾಲು ಎತ್ತರದಲ್ಲಿ ಮಾಯವಾಗುವ ಮೂರು ಗೀರುಗಳು, ಅಗಲ 0.3 ಮಿಲಿಮೀಟರ್. ಇದರ ಹುಟ್ಟು ಬೇರೆ. ಇಡೀ ಗೋಡೆ 80ರಿಂದ 30ಕ್ಕೆ ಇಳಿಯುವಾಗ ಐದೂವರೆ ಮೀಟರ್ ಉದ್ದದ ಭಾಗ ಎರಡು ಮಿಲಿಮೀಟರಿಗಿಂತ ಹೆಚ್ಚು ಕುಗ್ಗಬೇಕು. ಎರಡು ತಿಂಗಳ ಹಿಂದೆಯೇ ತಣ್ಣಗಾಗಿ ಗಟ್ಟಿಯಾದ ರಾಫ್ಟು ಅದರ ಕಾಲು ಹಿಡಿದುಕೊಂಡಿದೆ, ಕುಗ್ಗಲು ಬಿಡುವುದಿಲ್ಲ. ಹಾಗಾಗಿ ಹರಿಯುತ್ತದೆ. ಬಿರುಕಿನ ಮೇಲೆ ಗೋಡೆ ಕೊರೆದು ಕಾಂಕ್ರೀಟಿನ ಉರುಳೆ (ಕೋರ್) ತೆಗೆದು ನೋಡಿದೆವು. ಮೊದಲ ಜಾತಿಯ ಬಿರುಕು 90 ಮಿಲಿಮೀಟರಿಗೆ ನಿಂತಿತ್ತು. ಎರಡನೆಯದು 300 ಮಿಲಿಮೀಟರಿನ ಕೋರಿನುದ್ದಕ್ಕೂ ಇತ್ತು.

ಆಸ್ಪತ್ರೆಯ ಆಡಳಿತದವರು ಗೋಡೆ ಒಡೆಸುವ ಮಾತಾಡಿದರು. ತಡೆದದ್ದು ಫಿಸಿಸಿಸ್ಟ್. ಅಷ್ಟು ಸಣ್ಣ, ಅಂಕುಡೊಂಕು ಬಿರುಕಿನಿಂದ ತಡೆಗೋಡೆಯ ತೂಕ ಕಮ್ಮಿಯಾಗುವುದಿಲ್ಲ, ಬಿರುಕಿಗೆ ಎಪಾಕ್ಸಿ ಅಂಟು ತುಂಬಿಸಿ, ಕೊನೆಗೆ ಅಳತೆಯಲ್ಲಿ ನೋಡೋಣ ಎಂದರು. ನನಗೆ ಇನ್ನೊಂದು ಚಿಂತೆ ಇತ್ತು. ಕಾಂಕ್ರೀಟಿನ ಒಳಶಾಖ 70 ಡಿಗ್ರಿ ದಾಟಿದರೆ ಮೊದಲ ದಿನಗಳಲ್ಲಿ ಹುಟ್ಟಬೇಕಾದ ಎಟ್ರಿಂಗೈಟ್ ಎಂಬ ಹರಳು ಆಗ ಹುಟ್ಟದೆ, ವರ್ಷಗಳ ನಂತರ ತೇವ ಸಿಕ್ಕಾಗ ಹುಟ್ಟಿ ಒಳಗಿಂದಲೇ ಕಾಂಕ್ರೀಟನ್ನು ಹಿಗ್ಗಿಸಬಹುದು. ಆದದ್ದನ್ನು ಹಿಂದಕ್ಕೆ ತಿರುಗಿಸಲು ಆಗದು, ನೀರು ತಡೆಯುವುದೊಂದೇ ದಾರಿ. ಆದ್ದರಿಂದ ಪೂರ್ವದ ಗೋಡೆಯ ಹೊರಮುಖಕ್ಕೆ ನೀರು ಬಿಡದ ಲೇಪನ ಹಾಕಿಸಿದೆವು. ಕರಾವಳಿಯ ಮಳೆಯಲ್ಲಿ ನೆನೆಯುವ ಗೋಡೆ ಅದು.

ಪಶ್ಚಿಮದ ಗೋಡೆಗೆ ಮುಂಚೆ

ಪಶ್ಚಿಮದ ಗೋಡೆಯ ಕೆಲಸವನ್ನು ಮೇ ಕೊನೆಯವರೆಗೆ ತಡೆದೆವು. ಜೂನಿನ ಮಳೆ ಹಿಡಿಯುವ ಮೊದಲು ಮುಗಿಸಲೇಬೇಕು. ಮುಂದೇನು ಮಾಡುವುದೆಂದು ಕೂತಾಗ ಮೊದಲು ಬಂದದ್ದು ತಣ್ಣೀರಿನ ಪೈಪುಗಳ ಮಾತು. ಅಮೆರಿಕದ ಹೂವರ್ ಅಣೆಕಟ್ಟಿಗೆ 1933ರಿಂದ 1935ರವರೆಗೆ ಕಾಂಕ್ರೀಟು ಹಾಕುವಾಗ ಐದೈದು ಅಡಿಯ ಪದರಗಳಲ್ಲಿ ಒಂದಿಂಚಿನ ಉಕ್ಕಿನ ಕೊಳವೆ ಹಾಸಿ, ಮೊದಲು ನದಿಯ ನೀರು, ಆಮೇಲೆ ಶೈತ್ಯ ಘಟಕದ ನೀರು ಹರಿಸಿದ್ದರು. ಆಮೇಲೆ ಕೊಳವೆಗಳನ್ನು ಸಿಮೆಂಟ್ ಗಾರೆಯಿಂದ ತುಂಬಿಸಿದರು. ಹಿರಿಯರು ಅದನ್ನೇ ಹಿಡಿದರು. ಫಿಸಿಸಿಸ್ಟ್ ಒಪ್ಪಲಿಲ್ಲ: ವಿಕಿರಣ ತಡೆಯುವ ಗೋಡೆಯೊಳಗೆ ಕೊಳವೆ ಬೇಡ, ಗಾರೆ ಪೂರ್ತಿ ತುಂಬಿತೋ ಇಲ್ಲವೋ ಅಂತ ಆಮೇಲೆ ಯಾರು ಹೇಳುತ್ತಾರೆ? ಎತ್ತರವನ್ನು ಎರಡು ಭಾಗ ಮಾಡಿ ಹಾಕುವುದೂ ಆಗದು, ಜಾಯಿಂಟ್ ಬೇಡ ಅಂತ ಮೊದಲೇ ಹೇಳಿದ್ದರು.

ಉಳಿದದ್ದು ಮೂರು: ಹುಟ್ಟುವ ಬಿಸಿ ಕಮ್ಮಿ ಮಾಡು, ಹಾಕುವಾಗಲೇ ತಂಪಾಗಿ ಹಾಕು, ಹಾಕಿದ ಮೇಲೆ ಹೊದಿಕೆ ಹೊದಿಸು.

ಮೊದಲನೆಯದಕ್ಕೆ ನಮ್ಮ ನಾಡಿನಲ್ಲೇ ಹಳೆಯ ದಾರಿ ಇದೆ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಗೆ ಬಳಸಿದ್ದು ಸುರ್ಕಿ ಗಾರೆ, ಅಂದರೆ ಸುಟ್ಟ ಮಣ್ಣಿನ ಪುಡಿ ಮತ್ತು ಸುಣ್ಣ. ನಿಧಾನವಾಗಿ ಗಟ್ಟಿಯಾಗುವ, ಬಿಸಿ ಏರಿಸದ ಗಾರೆ. ಇವತ್ತು ಅದೇ ಜಾಗದಲ್ಲಿ ಹಾರುಬೂದಿ ಇದೆ, ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ ಪುಡಿ ಇದೆ. ನಮ್ಮ ಪ್ಲಾಂಟಿನಲ್ಲಿ ಬಳ್ಳಾರಿ ಕಡೆಯಿಂದ ಬರುವ ಸ್ಲ್ಯಾಗ್ ಪುಡಿಯ ಒಂದು ಸೈಲೋ ಮೊದಲೇ ಇತ್ತು. ಒಟ್ಟು ಪುಡಿ 400 ಕಿಲೋ. ಅದರಲ್ಲಿ ಸಾದಾ ಸಿಮೆಂಟು 160, ಸ್ಲ್ಯಾಗ್ 240. ಸ್ಟ್ರಕ್ಚರಲ್ ಡಿಸೈನರ್ ಒಂದು ವಾರ ಒಪ್ಪಲಿಲ್ಲ. 28ನೇ ದಿನ ಕ್ಯೂಬು, ಅಂದರೆ ಬಲ ಪರೀಕ್ಷೆಗೆ ಹಾಕುವ ಕಾಂಕ್ರೀಟಿನ ಸಣ್ಣ ಘನ, ಫೇಲಾದರೆ ಯಾರ ತಲೆಗೆ ಬರುತ್ತದೆ ಅನ್ನುವುದು ಅವರ ಹೆದರಿಕೆ. ಕೊನೆಗೆ ಬಲವನ್ನು 56ನೇ ದಿನಕ್ಕೆ ನೋಡುವುದು ಎಂದು ಬರವಣಿಗೆಯಲ್ಲಿ ಆಯಿತು. ಯಂತ್ರ ಬರಲು ಇನ್ನೂ ಏಳು ತಿಂಗಳಿತ್ತು, ಗೋಡೆಗೆ ಅವಸರ ಇರಲಿಲ್ಲ. ಅವಸರ ಇದ್ದದ್ದು ನಮ್ಮ ಕಾಗದಗಳಿಗೆ.

ಒಂದೂವರೆ ಮೀಟರಿನ ಎರಡು ಘನಗಳನ್ನು ಅಂಗಳದಲ್ಲಿ ಹಾಕಿ, ಆರೂ ಕಡೆ ಥರ್ಮೋಕೋಲ್ ಕಟ್ಟಿ, ನಡುವೆ ಶಾಖ ಅಳೆಯುವ ಥರ್ಮೋಕಪಲ್ ವೈರು ಬಿಟ್ಟೆವು. ಒಂದಕ್ಕೆ ಹಳೇ ಮಿಶ್ರಣ, ಇನ್ನೊಂದಕ್ಕೆ ಹೊಸದು. ಹಳೆಯದು ಮರುದಿನವೇ 78 ಮುಟ್ಟಿತು. ಹೊಸದು ಎರಡೂವರೆ ದಿನ ತೆಗೆದುಕೊಂಡು 57ಕ್ಕೆ ನಿಂತಿತು. ಕಂಟ್ರಾಕ್ಟರು ಎರಡೂ ಮೀಟರು ನೋಡಿ, "ಎಂತದು ಮಾರಾಯ್ರೆ, ಇಷ್ಟು ದಿನ ನಾವು ಕಾಂಕ್ರೀಟು ಹಾಕಿದ್ದಾ, ಬೇಯಿಸಿದ್ದಾ?" ಎಂದರು. ಅವತ್ತಿನಿಂದ ಅವರು ನಮ್ಮ ಕಡೆ.

ಮೀನಿನ ಐಸು

ತಂಪಾಗಿ ಹಾಕುವ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಎಲ್ಲರ ಊಹೆ ತಪ್ಪುತ್ತದೆ. ಸಿಮೆಂಟು ಬಿಸಿಯಾಗಿ ಬರುತ್ತದೆ, ಅದನ್ನೇ ತಂಪು ಮಾಡಬೇಕು ಅಂತ ತೋರುತ್ತದೆ. ಆದರೆ ಸಿಮೆಂಟು 10 ಡಿಗ್ರಿ ಇಳಿದರೆ ಕಾಂಕ್ರೀಟು ಇಳಿಯುವುದು ಒಂದೂ ಕಾಲು ಡಿಗ್ರಿಯ ಹತ್ತಿರ. ಜಲ್ಲಿ ಮತ್ತು ಎಂ-ಸ್ಯಾಂಡ್ 10 ಡಿಗ್ರಿ ಇಳಿದರೆ ಕಾಂಕ್ರೀಟು 6 ಡಿಗ್ರಿ ಇಳಿಯುತ್ತದೆ, ತೂಕವೆಲ್ಲ ಅದರದ್ದೇ. ಐಸಿನ ಲೆಕ್ಕ ಇನ್ನೂ ಮಜಾ. ಒಂದು ಕಿಲೋ ಐಸು ಬರೀ ಕರಗಲು 80 ಕಿಲೋ ಕ್ಯಾಲರಿ ಎಳೆದುಕೊಳ್ಳುತ್ತದೆ. ನೀರಿನಲ್ಲಿ 50 ಕಿಲೋ ಬದಲಿಗೆ ಐಸು ಹಾಕಿದರೆ ಒಂದು ಘನ ಮೀಟರು ಕಾಂಕ್ರೀಟು ಎಂಟು ಡಿಗ್ರಿ ಇಳಿಯುತ್ತದೆ.

ಜಲ್ಲಿ ರಾಶಿಗೆ ಶೀಟಿನ ಚಪ್ಪರ ಹಾಕಿಸಿ, ಮಧ್ಯಾಹ್ನದಿಂದ ಸ್ಪ್ರಿಂಕ್ಲರಿನಲ್ಲಿ ನೀರು ಚಿಮುಕಿಸಿದೆವು. ಐಸಿಗೆ ಕರಾವಳಿಯಲ್ಲಿ ಬರವೇ? ಮೀನುಗಾರಿಕಾ ಬಂದರಿನ ಸುತ್ತ ಐಸ್ ಫ್ಯಾಕ್ಟರಿಗಳಿವೆ, ಮೀನಿಗೆ ಹಾಕಲು ಐಸು ಪುಡಿ ಮಾಡುವ ಕ್ರಷರ್ ಕೂಡ ಅಲ್ಲೇ ಸಿಗುತ್ತದೆ. ಜೂನ್ 1ಕ್ಕೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಶುರುವಾಗುತ್ತದೆ, ಅದಾದ ಮೇಲೆ ಫ್ಯಾಕ್ಟರಿಯವರೂ ಬಾಗಿಲು ಹಾಕುತ್ತಾರೆ ಎಂದು ಗೊತ್ತಾಗಿ ಮೇ ಕೊನೆಯ ವಾರವನ್ನೇ ಗಟ್ಟಿ ಮಾಡಿದೆವು.

ಆದರೆ ಐಸು ಅಂದರೆ ನೀರು, ಮತ್ತು ಆ ನೀರು ಕಾಂಕ್ರೀಟಿನ ನೀರೇ. ಸರಳು ಇರುವ ಕಾಂಕ್ರೀಟಿನ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು ಅಂತ ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ಎರಡು ಫ್ಯಾಕ್ಟರಿಯ ಐಸು ಕರಗಿಸಿ ಲ್ಯಾಬಿಗೆ ಕಳಿಸಿದೆವು. ಒಂದು ಪಾಸು, ಇನ್ನೊಂದು ಫೇಲು. ಬೇಸಿಗೆ ಕೊನೆಗೆ ಅವರ ಬೋರ್‌ವೆಲ್ಲಿಗೆ ಉಪ್ಪು ನೀರು ನುಗ್ಗುತ್ತಿತ್ತು. ಮೀನಿಗೆ ಅದು ಲೆಕ್ಕಕ್ಕಿಲ್ಲ, ನಮ್ಮ ಸರಳಿಗೆ ವಿಷ. ಈ ಪರೀಕ್ಷೆ ಯಾರ ಪಟ್ಟಿಯಲ್ಲೂ ಇರಲಿಲ್ಲ. ಪ್ಲಾಂಟಿನ ಲ್ಯಾಬಿನ ಹುಡುಗಿಯೊಬ್ಬಳು, "ಸಾರ್, ಐಸು ಯಾವ ನೀರಲ್ಲಿ ಮಾಡ್ತಾರೆ?" ಅಂತ ಕೇಳಿದ್ದರಿಂದ ಆಯಿತು.

ಪ್ರಯೋಗದ ದಿನ ಇನ್ನೆರಡು ಸಂಗತಿ ಕಲಿತೆವು. ಕ್ರಷರಿನಿಂದ ಒಂದೇ ಸಲ ಹಾಯಿಸಿದ ಐಸಿನಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಚೂರುಗಳಿದ್ದವು; ಅವು ಡ್ರಮ್ಮಿನಲ್ಲಿ ಕರಗದೆ ಕಾಂಕ್ರೀಟಿಗೆ ಬಂದು, ಆಮೇಲೆ ಕರಗಿ ಗುಳಿಯಾದವು. ವಿಕಿರಣ ತಡೆಯಬೇಕಾದ ಗೋಡೆಯಲ್ಲಿ ಇದಕ್ಕಿಂತ ಕೆಟ್ಟದ್ದಿಲ್ಲ. ಎರಡು ಸಲ ಹಾಯಿಸಿ ಕಡಲೆಕಾಳಿನಷ್ಟು ಮಾಡಿ, ಮಿಕ್ಸಿಂಗ್ ಹೊತ್ತು ಹೆಚ್ಚಿಸಿದೆವು. ಎರಡನೆಯದು, ಕಾಯುತ್ತಾ ಕೂತ ಐಸು ಅರ್ಧ ನೀರಾಗಿರುತ್ತದೆ. ಐವತ್ತು ಕಿಲೋ ಅಂತ ತೂಗಿದರೆ ಅದರಲ್ಲಿ ಎಷ್ಟು ಐಸು, ಎಷ್ಟು ನೀರು? ಮೀನಿನ ತೂತಿನ ಕ್ರೇಟಿನಲ್ಲೇ ಇಟ್ಟು, ಸೋರಿದ ಮೇಲೆ ತೂಗುವುದೆಂದು ಮಾಡಿದೆವು.

ಆ ರಾತ್ರಿ, ಆಮೇಲಿನ ಹದಿಮೂರು ದಿನ

ರಾತ್ರಿ ಎಂಟೂವರೆಗೆ ಮೊದಲ ಲಾರಿ ಬಂತು. ಡ್ರಮ್ಮಿಗೆ ಒದ್ದೆ ಗೋಣಿ ಸುತ್ತಿದ್ದರು. ಶಾಖ 25. ಬೆಳಿಗ್ಗೆ ಆರಕ್ಕೆ ಇಪ್ಪತ್ತನೇ ಲಾರಿ ಮುಗಿಯಿತು, ಅದರಲ್ಲಿ 27.

ನಡುರಾತ್ರಿ ಒಂದು ಎಡವಟ್ಟು. ತಂಪಾದ, ಸ್ಲ್ಯಾಗ್ ಹೆಚ್ಚಿರುವ ಕಾಂಕ್ರೀಟು ನಿಧಾನವಾಗಿ ಸೆಟ್ ಆಗುತ್ತದೆ. ಮಾಮೂಲಿ ಕಾಂಕ್ರೀಟಾದರೆ ಮೇಲೆ ಹಾಕುವ ಹೊತ್ತಿಗೆ ಕೆಳಗಿನದು ತನ್ನ ಕಾಲ ಮೇಲೆ ನಿಂತಿರುತ್ತದೆ. ಇಲ್ಲಿ ಎರಡು ಮೀಟರ್ ಎತ್ತರಕ್ಕೂ ಇನ್ನೂ ಗಂಜಿಯಂತೆ ಇತ್ತು, ಶಟ್ರಿಂಗಿನ ಮೇಲೆ ಅಷ್ಟೂ ಒತ್ತಡ. ಒಂದು ಗಂಟೆ ಹೊತ್ತಿಗೆ ರೆಕ್ಕೆಯ ಮೂಲೆಯಲ್ಲಿ ಪ್ಲೈವುಡ್ಡು ಒಂದು ಬೆರಳು ಉಬ್ಬಿತು. ಮೇಸ್ತ್ರಿ ಪಂಪು ನಿಲ್ಲಿಸಿ, ಎರಡು ಜಾಕು ಕೊಟ್ಟು, ಇನ್ನೊಂದು ಬದಿಗೆ ಪೈಪು ತಿರುಗಿಸಿದರು. ಇಪ್ಪತ್ತು ನಿಮಿಷ ಎಲ್ಲರ ಉಸಿರು ನಿಂತಿತ್ತು. ಶಟ್ರಿಂಗ್ ಲೆಕ್ಕವನ್ನು ಹಳೇ ಮಿಶ್ರಣಕ್ಕೆ ಮಾಡಿದ್ದನ್ನೇ ಇದಕ್ಕೂ ಇಟ್ಟದ್ದು ನನ್ನ ತಪ್ಪು. ಬಿಸಿಯ ಬೆನ್ನು ಹತ್ತಿ ಹೋದವನಿಗೆ ಒತ್ತಡ ಮರೆತಿತ್ತು.

ಈ ಸಲ ಶಟ್ರಿಂಗಿಗೆ ಕಬ್ಬಿಣದ ಬದಲು 18 ಮಿಲಿಮೀಟರ್ ಪ್ಲೈವುಡ್ಡು, ಅದರ ಹೊರಗೆ ಎರಡಿಂಚಿನ ಥರ್ಮೋಕೋಲ್, ಮೇಲೆ ಟಾರ್ಪಾಲು. ಗೋಡೆಯ ತಲೆಗೆ ಪ್ಲಾಸ್ಟಿಕ್ ಹಾಸಿ ಅದರ ಮೇಲೆ ಒಂದಡಿ ಬೈಹುಲ್ಲು. ಥರ್ಮೋಕಪಲ್‌ಗಳು ಸರಳಿಗೆ ತಾಗದಂತೆ ಕಟ್ಟಿದ್ದು ಗೋಡೆಯ ನಡುವೆ, ಎರಡೂ ಮುಖಗಳಿಂದ 50 ಮಿಲಿಮೀಟರ್ ಒಳಗೆ, ತಲೆಯಲ್ಲಿ, ಮತ್ತು ಹೊರಗಿನ ಗಾಳಿಗೆ ಒಂದು. ಗಂಟೆಗೊಮ್ಮೆ ಓದಿ ಪುಸ್ತಕದಲ್ಲಿ ಬರೆಯಲು ಇಬ್ಬರು ಡಿಪ್ಲೊಮಾ ಹುಡುಗರು, ಹಗಲು ಒಬ್ಬ, ರಾತ್ರಿ ಒಬ್ಬ. ನಡುವಿಗೂ ಮುಖಕ್ಕೂ ಅಂತರ 20 ದಾಟಬಾರದು. 16 ಮುಟ್ಟಿದರೆ ನನಗೆ ಫೋನು.

ಎರಡೂವರೆ ದಿನಕ್ಕೆ ನಡು 61 ಮುಟ್ಟಿ ನಿಂತಿತು. ಮುಖ 46. ಅಂತರ 15. ಮುಖವನ್ನು ಮುಟ್ಟಿದರೆ ಕೈ ಸುಡುವಷ್ಟು ಬಿಸಿ ಇರಬೇಕು ಅನ್ನುವುದೇ ಈ ಕೆಲಸದಲ್ಲಿ ಒಪ್ಪಿಕೊಳ್ಳಲು ಕಷ್ಟವಾದ ಮಾತು. ನೋಡಲು ಬಂದ ಪ್ರತಿಯೊಬ್ಬರೂ "ಇಷ್ಟು ಬಿಸಿ ಇದೆ, ಟಾರ್ಪಾಲು ತೆಗೆದು ಸ್ವಲ್ಪ ಗಾಳಿ ಆಡಲಿ" ಎಂದರು.

ಐದನೇ ರಾತ್ರಿ ಎರಡು ಗಂಟೆಗೆ ಫೋನು. ಗಾಳಿ ಮಳೆಗೆ ಪಶ್ಚಿಮ ಮುಖದ ಟಾರ್ಪಾಲು ಹಾರಿ, ಥರ್ಮೋಕೋಲ್ ಐದಾರು ಹಾಳೆ ಕಿತ್ತು ಬಿದ್ದಿದ್ದವು. ನಡು 57, ಮುಖ 38. ನಾನು ಹೋಗುವಷ್ಟರಲ್ಲಿ ರಾತ್ರಿ ಪಾಳಿಯ ಹುಡುಗ ಕಾವಲುಗಾರನನ್ನು ಎಬ್ಬಿಸಿ, ಕಾರ್ಮಿಕರ ಶೆಡ್ಡಿನಿಂದ ಕಂಬಳಿಗಳನ್ನು ತಂದು ಸರಳಿಗೆ ನೇತುಹಾಕಿ, ಅದರ ಮೇಲೆ ಟಾರ್ಪಾಲು ಬಿಗಿಯುತ್ತಿದ್ದ. ಬೆಳಿಗ್ಗೆಗೆ ಅಂತರ 16ಕ್ಕೆ ಬಂತು. ನಿಜವಾಗಿ ಆ ಗೋಡೆಯನ್ನು ಉಳಿಸಿದ್ದು ಐಸಲ್ಲ, ಆ ರಾತ್ರಿ ಎಚ್ಚರ ಇದ್ದ ಹುಡುಗ. ರಾತ್ರಿ ಪಾಳಿ ಬೇಡ, ಬೆಳಿಗ್ಗೆ ಸಂಜೆ ಓದಿದರೆ ಸಾಕು ಅಂತ ಮೀಟಿಂಗಿನಲ್ಲಿ ಮಾತು ಬಂದಿತ್ತು.

ಆರನೇ ದಿನದ ಜಗಳ ಹಣದ್ದು. ಪ್ಲೈವುಡ್ಡು, ಜಾಕು ಎಲ್ಲ ದಿನಬಾಡಿಗೆ. ಕಂಟ್ರಾಕ್ಟರ ಮಾತಿನಲ್ಲಿ ನ್ಯಾಯ ಇತ್ತು: "ಎರಡು ದಿನಕ್ಕೆ ಬಿಚ್ಚುವ ಲೆಕ್ಕದಲ್ಲಿ ರೇಟು ಕೊಟ್ಟದ್ದು ನಾನು. ಎರಡು ವಾರದ ಬಾಡಿಗೆ ಯಾರು ಕೊಡುವುದು?" ಅವರು ಮರುದಿನ ಬಿಚ್ಚುತ್ತೇನೆ ಎಂದರು. ನಾನು ಆಸ್ಪತ್ರೆಯ ಆಡಳಿತದವರನ್ನು ಕರೆತಂದು ಪುಸ್ತಕ ತೋರಿಸಿದೆ, ಆಮೇಲೆ ಪೂರ್ವದ ಗೋಡೆಯ ಎಪಾಕ್ಸಿ ಬಿಲ್ಲನ್ನು ತೋರಿಸಿದೆ. ಹೆಚ್ಚುವರಿ ಬಾಡಿಗೆಗೆ ಅಲ್ಲೇ ಒಪ್ಪಿದರು. ಎರಡನೆಯ ಕಾಗದವೇ ಕೆಲಸ ಮಾಡಿದ್ದು ಅನ್ನಿಸುತ್ತದೆ.

ಹತ್ತನೇ ದಿನ ನಡು 47ಕ್ಕೆ ಇಳಿದಾಗ ಥರ್ಮೋಕೋಲ್ ತೆಗೆದೆವು. ಅದೂ ನಡುಹಗಲು, ಗಾಳಿ ಬಿಸಿ ಇರುವಾಗ. ಹದಿಮೂರನೇ ದಿನ 41ಕ್ಕೆ ಬಂದಾಗ ಪ್ಲೈವುಡ್ಡು ಬಿಚ್ಚಿದೆವು. ಪೈಪು ಹಿಡಿದು ನೀರು ಬಿಡಲು ಬಂದ ಹುಡುಗನನ್ನು ಮೇಸ್ತ್ರಿಯೇ ಗದರಿ ಓಡಿಸಿದರು.

ಏನು ಸಿಕ್ಕಿತು, ಏನು ಸಿಗಲಿಲ್ಲ

ಮುಖದ ಮೇಲೆ ಜಾಲರಿ ಬಿರುಕು ಒಂದೂ ಇಲ್ಲ. ಕ್ಯೂಬುಗಳ ಬಲ, ಚದರ ಮಿಲಿಮೀಟರಿಗೆ ನ್ಯೂಟನ್ ಲೆಕ್ಕದಲ್ಲಿ, ಏಳನೇ ದಿನ 19, 28ಕ್ಕೆ 38, 56ಕ್ಕೆ 46. ಡಿಸೈನರ್ ಹೆದರಿದ್ದು ಸುಮ್ಮನೆ ಆಯಿತು, ಆದರೆ ಏಳನೇ ದಿನದ 19 ನೋಡಿ ಅವರು ಮೂರು ಸಲ ಫೋನು ಮಾಡಿದ್ದರು. ಕ್ಯೂಬಿನ ತೂಕ ಎಲ್ಲವೂ 8.1 ಕಿಲೋ ಮೇಲೆ, ಅಂದರೆ ಸಾಂದ್ರತೆ 2.4, ಫಿಸಿಸಿಸ್ಟ್ ಖುಷಿ.

ಆದರೆ ಐದನೇ ವಾರದಲ್ಲಿ ರಾಫ್ಟಿನ ಮೇಲಿನಿಂದ ಒಂದು ಗೀರು ಎದ್ದಿತು. ಅಗಲ 0.1 ಮಿಲಿಮೀಟರಿನ ಒಳಗೆ, ಎತ್ತರ ಸುಮಾರು ಒಂದು ಮೀಟರು. ಒಳಗೂ ಹೊರಗೂ ಅಂತರ ಎಷ್ಟೇ ಕಮ್ಮಿ ಇಟ್ಟರೂ 61ರಿಂದ 28ಕ್ಕೆ ಇಳಿಯುವ ಕುಗ್ಗುವಿಕೆ ಇದ್ದೇ ಇದೆ, ಹಳೆಯ ರಾಫ್ಟಿನ ಹಿಡಿತವೂ ಇದ್ದೇ ಇದೆ. ಹೊದಿಕೆ ಮೊದಲ ಜಾತಿಯ ಬಿರುಕಿಗೆ ಮದ್ದು, ಎರಡನೆಯದಕ್ಕಲ್ಲ. ಎರಡನೆಯದಕ್ಕೆ ಮದ್ದು ಎರಡೇ: ಗರಿಷ್ಠ ಶಾಖವನ್ನು ಇನ್ನೂ ಇಳಿಸುವುದು, ಇಲ್ಲವೇ ರಾಫ್ಟು ಹಾಕಿದ ಎರಡು ಮೂರು ವಾರದಲ್ಲೇ ಗೋಡೆ ಹಾಕುವುದು. ನಾವು ರಾಫ್ಟು ಹಾಕಿ ಮೂರು ತಿಂಗಳು ಕಾದಿದ್ದೆವು. ಆ ಕಾಯುವಿಕೆಗೆ ಕಾರಣ ಸರಳಿನ ಲೋಡು ತಡವಾದದ್ದು. ಅದನ್ನು ಶಾಖದ ಲೆಕ್ಕದೊಂದಿಗೆ ಜೋಡಿಸಿ ಯಾರೂ ನೋಡಿರಲಿಲ್ಲ. ಬುಡದ ಒಂದು ಮೀಟರಿನಲ್ಲಿ ಅಡ್ಡ ಸರಳನ್ನು ಹತ್ತಿರ ಹತ್ತಿರ ಕೊಟ್ಟಿದ್ದರೂ ಆ ಗೀರು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಹಂಚಿಹೋಗುತ್ತಿತ್ತು ಎಂದು ಡಿಸೈನರ್ ಆಮೇಲೆ ಒಪ್ಪಿದರು.

ಚಾವಣಿ ಜೂನ್ ನಡುವೆ ಬಂತು. ಐಸು ಇಲ್ಲ, ಫ್ಯಾಕ್ಟರಿಗಳು ಮುಚ್ಚಿದ್ದವು. ಮಳೆಗೆ ನೆನೆದ ಜಲ್ಲಿಯೇ 26 ಡಿಗ್ರಿ ಇದ್ದುದರಿಂದ ಕಾಂಕ್ರೀಟು 29ಕ್ಕೆ ಸಿಕ್ಕಿತು, ಅಷ್ಟಕ್ಕೆ ತೃಪ್ತಿಪಟ್ಟೆವು. ಅಲ್ಲಿನ ಶತ್ರು ಮಳೆ ನೀರು. ಮೇಲೆ ಕಂಬ ನಿಲ್ಲಿಸಿ ಇಳಿಜಾರಿನ ಟಾರ್ಪಾಲು, ಅದರ ಕೆಳಗೆ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಥರ್ಮೋಕೋಲ್. ಹನ್ನೆರಡು ದಿನ ಸುರಿದ ಮಳೆಯಲ್ಲಿ ಅಂತರ ಒಮ್ಮೆಯೂ 18 ದಾಟಲಿಲ್ಲ.

ಯಂತ್ರ ಕೂತ ಮೇಲೆ ವಿಕಿರಣದ ಅಳತೆಯಾಯಿತು. ಫಿಸಿಸಿಸ್ಟ್ ಪೂರ್ವದ ಗೋಡೆಯ ಮೂರು ಎಪಾಕ್ಸಿ ಗೀರುಗಳ ಹಿಂದೆ ಮೀಟರು ಹಿಡಿದು ಬಹಳ ಹೊತ್ತು ನಿಂತರು. ಪಕ್ಕದ ಜಾಗಕ್ಕೂ ಅದಕ್ಕೂ ವ್ಯತ್ಯಾಸ ಇರಲಿಲ್ಲ. ಹೊರಮುಖದ ಲೇಪನವನ್ನು ಪ್ರತಿ ಮಳೆಗಾಲದ ಮೊದಲು ನೋಡಬೇಕೆಂದು ಆಸ್ಪತ್ರೆಯ ನಿರ್ವಹಣೆ ಪುಸ್ತಕದಲ್ಲಿ ಬರೆಸಿದ್ದೇನೆ.

ಅದೇ ಕಂಟ್ರಾಕ್ಟರು ಮುಂದಿನ ವರ್ಷ ಬೇರೊಂದು ಕಡೆ ದಪ್ಪ ರಾಫ್ಟಿನ ಕೆಲಸಕ್ಕೆ ಟೆಂಡರ್ ಹಾಕುವಾಗ ನನಗೆ ಫೋನು ಮಾಡಿದ್ದರು. ಮಿಶ್ರಣದ ಬಗ್ಗೆ ಕೇಳಲಿಲ್ಲ, ಐಸಿನ ಬಗ್ಗೆಯೂ ಕೇಳಲಿಲ್ಲ. "ಹೊದಿಕೆ ಎಷ್ಟು ದಿನ ಇರಬೇಕು ಹೇಳಿ ಮಾರಾಯ್ರೆ, ಬಾಡಿಗೆ ಈಗಲೇ ರೇಟಿಗೆ ಸೇರಿಸ್ತೇನೆ. ರಾತ್ರಿ ಪಾಳಿಗೆ ಆ ಹುಡುಗನನ್ನೂ ಕಳಿಸಿಕೊಡಿ."